ಮೈಕ್ ಕೈತಪ್ಪಿದ ಮೇಲೆ: ‘ದೇವರಿಗೆ ಮಹಿಮೆ’ ಎಂದು ಹೇಳುತ್ತಿದ್ದುದು ಸುಳ್ಳಾಗಿತ್ತೇ?

ಪ್ರಶ್ನೆ: ಅಯ್ಯನವರೇ, ನಮ್ಮ ಕ್ರೈಸ್ತ ಸಭೆಯ ಗಾಯನ ಮಂಡಳಿಯನ್ನು 11 ವರ್ಷ ನಡೆಸಿದೆ. ಯಾರಾದರೂ ಹೊಗಳಿದರೆ ‘ದೇವರಿಗೆ ಮಹಿಮೆಯಾಗಲಿ’ ಎನ್ನುತ್ತಿದ್ದೆ. ಮನಸಾರೆ ಹೇಳುತ್ತಿದ್ದೇನೆ ಎಂದೇ ನಂಬಿದ್ದೆ. ನಾಲ್ಕು ತಿಂಗಳ ಹಿಂದೆ ಆ ಹೊಣೆಯನ್ನು ಹೊಸದಾಗಿ ಸೇರಿದ ಯುವತಿಯೊಬ್ಬಳಿಗೆ ಕೊಟ್ಟರು. ನನಗೆ ಯಾರೂ ಮೊದಲೇ ತಿಳಿಸಲಿಲ್ಲ. ಭಾನುವಾರದ ಪಟ್ಟಿಯಲ್ಲಿ ಅವಳ ಹೆಸರು ನೋಡಿ ತಿಳಿದುಕೊಂಡೆ. ಹೋದ ತಿಂಗಳು ಆರಾಧನೆಯಲ್ಲಿ ಅವಳು ಎರಡನೆಯ ಚರಣವನ್ನು ತಪ್ಪು ಶ್ರುತಿಯಲ್ಲಿ ಎತ್ತಿಕೊಂಡಳು, ಇಡೀ ಸಭೆ ತಡವರಿಸಿತು. ನಾನು ಕೀರ್ತನೆ ಪುಸ್ತಕದೊಳಗೆ ಮುಖ ತಗ್ಗಿಸಿ ನಕ್ಕೆ. ಆ ನಗು ನನ್ನನ್ನು ಹೆದರಿಸಿಬಿಟ್ಟಿದೆ. 11 ವರ್ಷದ ಸೇವೆಯೆಲ್ಲ ನಾಟಕವಾಗಿತ್ತೇ? ಪ್ರತಿ ಹಾಡಿನ ಶ್ರುತಿ, ಲಯ ಬರೆದಿಟ್ಟ ನೋಟ್‌ಬುಕ್ ಇನ್ನೂ ನನ್ನ ಬೀರುವಿನಲ್ಲೇ ಇದೆ. ಅವಳು ಕೇಳಿಲ್ಲ, ನಾನು ಕೊಟ್ಟಿಲ್ಲ. ಮಂಡಳಿಯನ್ನೇ ಬಿಟ್ಟುಬಿಡೋಣ ಎನಿಸುತ್ತದೆ. ಇದರ ನಡುವೆ ಹಿರಿಯರೊಬ್ಬರು, ‘ಈಗ ನಿಮಗೆ ಬಿಡುವಿದೆಯಲ್ಲ, ಭಾನುವಾರ ಶಾಲೆ, ಶನಿವಾರದ ಮನೆ ಭೇಟಿ ಎರಡನ್ನೂ ವಹಿಸಿಕೊಳ್ಳಿ, ಸ್ವಂತದ್ದನ್ನು ಬದಿಗಿಟ್ಟು ದೇವರ ಮಹಿಮೆಗಾಗಿ ಮಾಡಿ’ ಎಂದಿದ್ದಾರೆ. ತಾಯಿ ಹಾಸಿಗೆ ಹಿಡಿದಿದ್ದಾರೆ. ರಾತ್ರಿ ಎರಡು ಸಲ ಎದ್ದು ಮಗ್ಗುಲು ಬದಲಿಸಬೇಕು. ಆಗುವುದಿಲ್ಲ ಎಂದರೆ ಸ್ವಾರ್ಥವೇ? ದೇವರ ಮಹಿಮೆಯನ್ನು ಮೊದಲು ಇಡುವುದು ಎಂದರೆ ನಿಜಕ್ಕೂ ಏನು?

ಉತ್ತರ: ಸಹೋದರಿ, ನಿಮ್ಮ ಪತ್ರದಲ್ಲಿ ಬೇರೆ ಬೇರೆ ಸಂಗತಿಗಳು ಒಂದೇ ಗಂಟಿನಲ್ಲಿ ಬಂದಿವೆ. ನಿಮಗೆ ಹೇಳದೆ ಕೇಳದೆ ಹೊಣೆ ಬದಲಿಸಿದ ನೋವು ಒಂದು. ಆ ಹುಡುಗಿ ಎಡವಿದಾಗ ಬಂದ ನಗು ಇನ್ನೊಂದು. ಹಿರಿಯರ ಮಾತು ಹುಟ್ಟಿಸಿದ ಅಳುಕು ಮತ್ತೊಂದು. ನೀವು ಎಲ್ಲಕ್ಕೂ ‘ನನ್ನ ಸ್ವಾರ್ಥ’ ಎಂಬ ಒಂದೇ ಚೀಟಿ ಅಂಟಿಸಿದ್ದೀರಿ. ನನಗೆ ಕಾಣುವಂತೆ ಆ ನಗುವಿಗೆ ಮಾತ್ರ ಆ ಹೆಸರು ಸಲ್ಲುತ್ತದೆ. ಉಳಿದವನ್ನು ಅದರ ಲೆಕ್ಕಕ್ಕೆ ಸೇರಿಸಿ ನಿಮ್ಮನ್ನು ನೀವು ದಂಡಿಸಿಕೊಳ್ಳುತ್ತಿದ್ದೀರಿ.

ಮೊದಲು ನಗುವಿನ ವಿಷಯ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸಭಾಪಾಲನೆ ಮಾಡಿದ ನನ್ನದೂ ಒಂದು ಕಥೆಯಿದೆ. ಒಮ್ಮೆ ನಮ್ಮ ಸಭೆಗೆ ಹೊರಗಿನಿಂದ ಒಬ್ಬ ಬೋಧಕರು ಬಂದಿದ್ದರು. ಹಿಂದಿನ ವರ್ಷ ಅವರು ಮಾತಾಡಿದ್ದನ್ನು ಜನ ತಿಂಗಳುಗಟ್ಟಲೆ ನೆನೆದಿದ್ದರು, ಅದು ನನ್ನ ಕಿವಿಯಲ್ಲಿ ಉಳಿದಿತ್ತು. ಆ ದಿನ ಮುಂದಿನ ಸಾಲಿನಲ್ಲಿ ಕುಳಿತು, ಆರಾಧನೆಯ ಕ್ರಮವಿದ್ದ ಹಾಳೆಯ ಹಿಂಬದಿಯಲ್ಲಿ ಅವರು ತಪ್ಪು ಉಚ್ಚರಿಸಿದ ಮಾತಿಗೆಲ್ಲ ಒಂದೊಂದು ಗೀಟು ಎಳೆಯುತ್ತಾ ಹೋದೆ. ಏಳು ಗೀಟು. ಸಂಜೆ ಅಂಗಿಯ ಜೇಬಿನಿಂದ ಹಾಳೆ ತೆಗೆದ ನನ್ನ ಹೆಂಡತಿ, ‘ಇದೇನು ಏಳು ಗೀಟು?’ ಎಂದು ಕೇಳಿದಳು. ಏನೋ ಲೆಕ್ಕ ಎಂದೆ. ಅಂದಿನ ಪ್ರಸಂಗ ಯಾವುದರ ಮೇಲಿತ್ತು ಎಂಬುದು ನನಗೆ ಇಂದು ನೆನಪಿಲ್ಲ. ಗೀಟುಗಳು ನೆನಪಿವೆ.

ಹಾಗಾಗಿ ನಿಮ್ಮ ನಗುವನ್ನು ನಾನು ಚಿಕ್ಕದು ಎನ್ನುವುದಿಲ್ಲ. ಅದು ಹೊಟ್ಟೆಕಿಚ್ಚು, ಬೇರೆ ಹೆಸರು ಬೇಡ. ಆದರೆ ಅದರಿಂದ ನೀವು ತೆಗೆದ ತೀರ್ಮಾನ, ಅಂದರೆ ‘ಹಾಗಾದರೆ 11 ವರ್ಷವೂ ನಾಟಕ’ ಎಂಬುದು, ಸರಿಯಲ್ಲ. ನಮ್ಮ ಜನರಲ್ಲಿ ಬಲವಾಗಿ ಬೇರೂರಿರುವ ತಪ್ಪು ನಂಬಿಕೆ ಇದು: ಉದ್ದೇಶ ನೂರಕ್ಕೆ ನೂರು ಶುದ್ಧವಾಗಿದ್ದರೆ ಮಾತ್ರ ಸೇವೆ ದೇವರಿಗೆ ಸಲ್ಲುತ್ತದೆ, ಒಂದು ತೊಟ್ಟು ಸ್ವಂತದ ಆಸೆ ಬೆರೆತರೂ ಎಲ್ಲವೂ ಕೆಟ್ಟಿತು ಎಂದು. ಅಪೊಸ್ತಲನಾದ ಪೌಲನು ಸೆರೆಯಲ್ಲಿದ್ದುಕೊಂಡು ಫಿಲಿಪ್ಪಿಯವರಿಗೆ ಬರೆದ ಪತ್ರದ ಮೊದಲ ಅಧ್ಯಾಯವನ್ನು ಇನ್ನೊಮ್ಮೆ ಓದಿ. ಅವನು ಹೊರಗೆ ಹೋಗಿ ಸಾರುವಂತಿರಲಿಲ್ಲ. ಹೊರಗೆ ಕೆಲವರು ಹೊಟ್ಟೆಕಿಚ್ಚಿನಿಂದ, ಪೈಪೋಟಿಯಿಂದ, ಸೆರೆಯಲ್ಲಿರುವವನಿಗೆ ಇನ್ನಷ್ಟು ನೋವಾಗಲಿ ಎಂದೇ ಕ್ರಿಸ್ತನನ್ನು ಸಾರುತ್ತಿದ್ದರು. ಪೌಲನು ಅದನ್ನು ಮುಚ್ಚಿಡುವುದಿಲ್ಲ, ಹೊಟ್ಟೆಕಿಚ್ಚನ್ನು ಹೊಟ್ಟೆಕಿಚ್ಚು ಎಂದೇ ಕರೆಯುತ್ತಾನೆ. ಆ ಮೇಲೆ, ಹೇಗಾದರೇನು, ಕಪಟದಿಂದಾಗಲಿ ಸತ್ಯದಿಂದಾಗಲಿ ಕ್ರಿಸ್ತನ ಹೆಸರು ಸಾರಲ್ಪಡುತ್ತಿದೆಯಲ್ಲ, ಅದಕ್ಕೆ ಸಂತೋಷಪಡುತ್ತೇನೆ ಎನ್ನುತ್ತಾನೆ. ಸಾರಿದವರ ಮನಸ್ಸು ಕೆಟ್ಟಿತ್ತು ಎಂದು ಕೇಳಿದವರಿಗೆ ಸಿಕ್ಕ ಸುವಾರ್ತೆ ಕೆಡಲಿಲ್ಲ. ನಿಮ್ಮ ಹಾಡು ಕೇಳಿ ಯಾರೋ ಆ 11 ವರ್ಷಗಳಲ್ಲಿ ಕಣ್ಣು ಒರೆಸಿಕೊಂಡಿದ್ದರೆ ಆ ಕಣ್ಣೀರು ನಿಜವಾದದ್ದೇ. ನೀವು ಈಗ ನಕ್ಕ ಮಾತ್ರಕ್ಕೆ ಅದು ಹಿಂದಕ್ಕೆ ಹೋಗುವುದಿಲ್ಲ.

ಇನ್ನೂ ಒಂದು ಮಾತಿದೆ. ತನ್ನ ಉದ್ದೇಶವನ್ನು ಹಗಲಿರುಳು ಅಗೆದು ನೋಡುವುದು ಭಕ್ತಿಯಂತೆ ಕಾಣುತ್ತದೆ, ಆದರೆ ಅಲ್ಲಿಯೂ ಕಣ್ಣು ನೆಟ್ಟಿರುವುದು ತನ್ನ ಮೇಲೆಯೇ. ಜರ್ಮನಿಯ ಸಭಾಸುಧಾರಕ ಮಾರ್ಟಿನ್ ಲೂಥರ್ 1515-16ರಲ್ಲಿ ರೋಮಾಪುರದವರಿಗೆ ಬರೆದ ಪತ್ರಿಕೆಯ ಮೇಲೆ ಕೊಟ್ಟ ಪಾಠಗಳಲ್ಲಿ ಪಾಪಕ್ಕೆ ಸಿಕ್ಕಿದ ಮನುಷ್ಯನನ್ನು ‘ತನ್ನೊಳಕ್ಕೇ ಬಾಗಿಕೊಂಡವನು’ ಎಂದು ಬಣ್ಣಿಸಿದ್ದಾನೆ. ದೇವರ ವರಗಳನ್ನಷ್ಟೇ ಅಲ್ಲ, ದೇವರನ್ನೂ ಅವನು ತನ್ನ ಕಡೆಗೆ ಬಾಗಿಸಿಕೊಳ್ಳುತ್ತಾನೆ. ನಾನು ಆಪ್ತ ಸಲಹೆಗೆಂದು ಕುಳಿತ ಕೋಣೆಯಲ್ಲಿ ಕಂಡದ್ದೇನೆಂದರೆ, ‘ನಾನೆಷ್ಟು ಹಾಡಿದೆ’ ಎಂದು ಬಾಗಿದ ಬೆನ್ನು ‘ನಾನೆಷ್ಟು ಕೆಟ್ಟವಳು’ ಎಂದಾಗಲೂ ನೆಟ್ಟಗಾಗುವುದಿಲ್ಲ. ಎರಡು ವಾಕ್ಯಕ್ಕೂ ಕರ್ತೃಪದ ಒಂದೇ.

ಹಾಗಾದರೆ ಮಹಿಮೆ ಎಂದರೆ ಏನು? ಕನ್ನಡದವರಿಗೆ ಇದನ್ನು ತಿಳಿಯುವುದು ಬೇರೆಯವರಿಗಿಂತ ಸುಲಭ ಎಂದು ನನಗೆ ಯಾವಾಗಲೂ ಅನಿಸಿದೆ. ಹಳೆಯ ಒಡಂಬಡಿಕೆಯ ಹೀಬ್ರೂ ಪದ ‘ಕಾವೋದ್’. ಅದರ ಮೂಲ ಅರ್ಥ ಭಾರ, ತೂಕ. ನಮ್ಮ ‘ಘನ’ವೂ ಹಾಗೆಯೇ ಅಲ್ಲವೇ? ತೂಕದ ಮನುಷ್ಯ ಎನ್ನುತ್ತೇವೆ, ತೂಕದ ಮಾತು ಎನ್ನುತ್ತೇವೆ, ಒಬ್ಬರನ್ನು ಹಗುರವಾಗಿ ಕಾಣಬೇಡ ಎನ್ನುತ್ತೇವೆ. ದೇವರನ್ನು ಘನಪಡಿಸುವುದು ಎಂದರೆ ನಮ್ಮ ತೀರ್ಮಾನಗಳ ತಕ್ಕಡಿಯಲ್ಲಿ ಆತನಿಗೆ ಇರುವ ತೂಕವನ್ನು ಇರುವ ಹಾಗೆ ಇಡುವುದು. ಸಮುವೇಲನ ಮೊದಲ ಪುಸ್ತಕದಲ್ಲಿ ಯಾಜಕ ಏಲಿಯ ಕಥೆ ಇದನ್ನೇ ಕಹಿಯಾಗಿ ಹೇಳುತ್ತದೆ. ಅವನ ಮಕ್ಕಳು ಜನ ತಂದ ನೈವೇದ್ಯದ ಒಳ್ಳೆಯ ಭಾಗವನ್ನು ತಾವೇ ಕಬಳಿಸುತ್ತಿದ್ದರು. ಅವನು ಬೈದನೇ ಹೊರತು ತಡೆಯಲಿಲ್ಲ. ‘ನನಗಿಂತ ನಿನ್ನ ಮಕ್ಕಳನ್ನು ಹೆಚ್ಚಾಗಿ ಘನಪಡಿಸಿದೆ’ ಎಂಬುದು ದೇವರ ದೂರು. ಕೊನೆಗೆ ಏಲಿ ಪೀಠದಿಂದ ಹಿಂದಕ್ಕೆ ಬಿದ್ದು ಕತ್ತು ಮುರಿದು ಸತ್ತಾಗ, ಅವನು ಮುದುಕನೂ ಭಾರವಾದ ಮೈಯವನೂ ಆಗಿದ್ದನು ಎಂದು ಬರೆದಿದೆ. ಹೀಬ್ರೂವಿನಲ್ಲಿ ಘನಪಡಿಸು, ಭಾರ ಎರಡೂ ಒಂದೇ ಧಾತುವಿನವು. ಬರೆದವನಿಗೆ ಅದು ಗೊತ್ತಿರಲಿಲ್ಲ ಎಂದು ನಾನು ನಂಬಲಾರೆ.

ಹೊಸ ಒಡಂಬಡಿಕೆಯ ಗ್ರೀಕ್ ಪದ ‘ದೊಕ್ಸ’ದ ಹಳೆಯ ಅರ್ಥ ಅಭಿಪ್ರಾಯ, ಇನ್ನೊಬ್ಬರ ಕಣ್ಣಿನಲ್ಲಿ ನಮಗಿರುವ ಹೆಸರು. ಯೋಹಾನನ ಸುವಾರ್ತೆಯ 12ನೆಯ ಅಧ್ಯಾಯದಲ್ಲಿ ಯೇಸುವನ್ನು ನಂಬಿದರೂ ಸಭಾಮಂದಿರದಿಂದ ಹೊರಗೆ ಹಾಕಿಯಾರು ಎಂದು ಬಾಯಿ ಬಿಡದ ಅಧಿಕಾರಿಗಳ ಮಾತು ಬರುತ್ತದೆ. ಅವರು ದೇವರಿಂದ ಬರುವ ಮೆಚ್ಚುಗೆಗಿಂತ ಮನುಷ್ಯರಿಂದ ಬರುವ ಮೆಚ್ಚುಗೆಯನ್ನು ಹೆಚ್ಚು ಪ್ರೀತಿಸಿದರು. ಅಲ್ಲಿರುವುದೂ ಅದೇ ‘ದೊಕ್ಸ’. ಅಂದರೆ ಪ್ರಶ್ನೆ ಇಷ್ಟೇ: ನನ್ನ ಬಗ್ಗೆ ಯಾರ ಅಭಿಪ್ರಾಯ ನನಗೆ ಭಾರ?

ಕೆಲವರಿಗೆ ಇನ್ನೊಂದು ಅನುಮಾನ ಕಾಡುತ್ತದೆ, ಕೇಳಲು ನಾಚುತ್ತಾರೆ: ಮನುಷ್ಯ ಹೊಗಳಿಕೆ ಬಯಸಿದರೆ ಪಾಪ, ದೇವರು ಬಯಸಿದರೆ ಸರಿಯೇ? ನಮ್ಮ ಹೊಗಳಿಕೆಯಿಂದ ತುಂಬಬೇಕಾದ ಕೊರತೆ ಆತನಲ್ಲಿ ಇಲ್ಲ. ನನಗೆ ಹಸಿವಾದರೆ ನಿನಗೆ ಹೇಳುವುದಿಲ್ಲ ಎಂದು 50ನೆಯ ಕೀರ್ತನೆಯಲ್ಲಿ ಆತನೇ ಹೇಳಿದ್ದಾನೆ. ಅದಕ್ಕಿಂತ ಮುಖ್ಯವಾಗಿ, ಯೋಹಾನನ ಸುವಾರ್ತೆಯಲ್ಲಿ ಯೇಸು ‘ಮಹಿಮೆ ಹೊಂದುವ ಗಳಿಗೆ ಬಂತು’ ಎಂದದ್ದು ಸಿಂಹಾಸನದ ಬಗ್ಗೆ ಅಲ್ಲ, ಶಿಲುಬೆಯ ಬಗ್ಗೆ. ತನ್ನನ್ನು ಕೊಟ್ಟುಬಿಡುವುದೇ ಆ ದೇವರ ಮಹಿಮೆಯಾಗಿದ್ದರೆ, ಅದನ್ನು ಮೊದಲು ಇಡುವವರು ಇನ್ನೊಬ್ಬರನ್ನು ಹಿಂಡಿ ಹಿಪ್ಪೆ ಮಾಡುವುದು ಹೇಗೆ ಸಾಧ್ಯ? ಈ ಮಾತನ್ನು ನೆನಪಿನಲ್ಲಿಡಿ, ನಿಮ್ಮ ಹಿರಿಯರ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಗೋಡೆಯ ಮೇಲೆ ತೂಗುಹಾಕುವ ವಚನವೊಂದಿದೆ: ಉಂಡರೂ ಕುಡಿದರೂ ಏನು ಮಾಡಿದರೂ ದೇವರ ಮಹಿಮೆಗಾಗಿ ಮಾಡಿರಿ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆ, 10ನೆಯ ಅಧ್ಯಾಯ, 31ನೆಯ ವಚನ. ಚೌಕಟ್ಟಿನೊಳಗೆ ಅದೊಂದನ್ನೇ ಓದಿದರೆ ಏನೋ ಮಹತ್ತಾದದ್ದು ಎನಿಸುತ್ತದೆ. ಆದರೆ ಅಲ್ಲಿನ ಜಗಳ ನಡೆದದ್ದು ಮಾಂಸದ ಅಂಗಡಿಯ ಸುತ್ತ. ವಿಗ್ರಹಕ್ಕೆ ಅರ್ಪಿಸಿದ ಮಾಂಸ ಪೇಟೆಗೆ ಬರುತ್ತಿತ್ತು. ತಿನ್ನಬಹುದೇ, ಬಾರದೇ? ಪೌಲನ ಉತ್ತರ: ಅಂಗಡಿಯಲ್ಲಿ ಮಾರುವುದನ್ನು ಪ್ರಶ್ನಿಸದೆ ತಿನ್ನಿ. ಆದರೆ ಊಟಕ್ಕೆ ಹೋದ ಮನೆಯಲ್ಲಿ ಯಾರಾದರೂ ‘ಇದು ಬಲಿಗೆ ಅರ್ಪಿಸಿದ್ದು’ ಎಂದರೆ, ಆ ಹೇಳಿದವನ ಮನಸ್ಸಾಕ್ಷಿಗಾಗಿ ಬಿಟ್ಟುಬಿಡಿ. ಆ ವಚನದ ಹಿಂದೆ 24ರಲ್ಲಿ ಪ್ರತಿಯೊಬ್ಬನೂ ತನ್ನ ಹಿತವನ್ನಲ್ಲ, ಮತ್ತೊಬ್ಬನ ಹಿತವನ್ನು ನೋಡಲಿ ಎಂದಿದೆ. ಮುಂದೆ 33ರಲ್ಲಿ ಮತ್ತೆ ಅದೇ ಮಾತು. ದೇವರ ಮಹಿಮೆ ಎಂಬ ಮಾತು ಈ ಎರಡರ ನಡುವೆ ಕುಳಿತಿದೆ. ಅದರಿಂದ ನಾನು ತಿಳಿದುಕೊಂಡದ್ದು: ದೇವರ ಮಹಿಮೆಯನ್ನು ಅಳೆಯುವುದಾದರೆ ನಮ್ಮ ಎದೆಯೊಳಗಿನ ಭಾವದ ಬಿಸಿಯಿಂದ ಅಲ್ಲ, ಪಕ್ಕದಲ್ಲಿ ಕುಳಿತವರಿಗೆ ನಮ್ಮಿಂದ ಏನಾಯಿತು ಎಂಬುದರಿಂದ ಅಳೆಯಬೇಕು. ನೀವು ಇಷ್ಟು ದಿನ ‘ನನ್ನ ಉದ್ದೇಶ ಶುದ್ಧವೇ’ ಎಂದು ಕೇಳಿಕೊಂಡಿರಿ. ಅದರ ಬದಲು ‘ಎರಡನೆಯ ಚರಣದಲ್ಲಿ ಎಡವಿದ ಆ ಹುಡುಗಿಗೆ ನನ್ನಿಂದ ಏನಾಗಬೇಕು’ ಎಂದು ಕೇಳಿ ನೋಡಿ. ಇದಕ್ಕೆ ಉತ್ತರ ಸಿಗುತ್ತದೆ.

ಹೊಗಳಿಕೆಗೆ ‘ದೇವರಿಗೆ ಮಹಿಮೆಯಾಗಲಿ’ ಎನ್ನುತ್ತಿದ್ದೆ ಎಂದಿದ್ದೀರಿ. ಒಳ್ಳೆಯ ಮಾತೇ, ಆದರೆ ಬಾಯಿಪಾಠವಾದಾಗ ಅದು ಹೊಗಳಿದವರ ಕೈಯನ್ನು ತಳ್ಳಿದ ಹಾಗಾಗುತ್ತದೆ. ಒಬ್ಬರು ಬಂದು ಹಾಡು ಚೆನ್ನಾಗಿತ್ತು ಎಂದರೆ ‘ಸಂತೋಷ, ನಿಮಗೆ ಯಾವ ಚರಣ ಹಿಡಿಸಿತು?’ ಎಂದು ಕೇಳಿ. ಮಾತು ನಿಮ್ಮ ಗಂಟಲನ್ನು ಬಿಟ್ಟು ಹಾಡಿನ ಒಳಗೆ ಹೋಗುತ್ತದೆ. ಬೆಟ್ಟದ ಪ್ರಸಂಗದಲ್ಲಿ ಯೇಸು ಒಂದು ಕಡೆ ನಿಮ್ಮ ಬೆಳಕು ಜನರ ಮುಂದೆ ಪ್ರಕಾಶಿಸಲಿ ಎಂದರು, ಇನ್ನೊಂದು ಕಡೆ ಜನ ನೋಡಲಿ ಎಂದು ಧರ್ಮಕಾರ್ಯ ಮಾಡಬೇಡಿ ಎಂದರು. ಜನರಿಗೆ ಕಾಣುವುದು ತಪ್ಪಲ್ಲ, ಕಂಡದ್ದಕ್ಕೆ ಬಂದ ಮೆಚ್ಚುಗೆ ಯಾರ ಕೈಯಲ್ಲಿ ನಿಲ್ಲುತ್ತದೆ ಎಂಬುದು ವ್ಯತ್ಯಾಸ. ಕಪಟಿಗಳು ತಮಗೆ ಬರತಕ್ಕ ಫಲವನ್ನು ಹೊಂದಿದ್ದಾಯಿತು ಎಂಬಲ್ಲಿರುವ ಗ್ರೀಕ್ ಕ್ರಿಯಾಪದವನ್ನು ಆ ಕಾಲದಲ್ಲಿ ರಸೀದಿಗಳ ಮೇಲೆ ಬರೆಯುತ್ತಿದ್ದರು: ‘ಪೂರ್ತಿ ಸಂದಿದೆ’. ಬಾಕಿ ಏನೂ ಉಳಿಯಲಿಲ್ಲ ಎಂದರ್ಥ.

ಇನ್ನು ಈ ಹೊಟ್ಟೆಕಿಚ್ಚು ಬಂದದ್ದೆಲ್ಲಿಂದ? ಒಬ್ಬರನ್ನು 11 ವರ್ಷ ಒಂದೇ ಜಾಗದಲ್ಲಿ ನಿಲ್ಲಿಸಿದರೆ ಆ ಜಾಗವೇ ಅವರ ಹೆಸರಾಗಿಬಿಡುತ್ತದೆ. ‘ಹಾಡುವ ಅಕ್ಕ’ ಎಂದೇ ಸಭೆಯ ಮಕ್ಕಳು ನಿಮ್ಮನ್ನು ಗುರುತಿಸುತ್ತಿದ್ದಿರಬಹುದು. ಮನೆಯಲ್ಲಿ ನೀವು ರಾತ್ರಿ ಎರಡು ಸಲ ಎದ್ದು ತಾಯಿಯ ಮಗ್ಗುಲು ಬದಲಿಸುವುದನ್ನು ಯಾರೂ ನೋಡುವುದಿಲ್ಲ, ಯಾರೂ ಕೈ ತಟ್ಟುವುದಿಲ್ಲ. ವಾರದಲ್ಲಿ ಒಂದು ಗಂಟೆ ಮಾತ್ರ ನಿಮ್ಮ ದುಡಿಮೆಗೆ ಒಂದು ಮುಖ ಸಿಗುತ್ತಿತ್ತು. ಅದನ್ನು ಒಂದು ಪಟ್ಟಿಯ ಮೂಲಕ ಕಿತ್ತುಕೊಂಡರು. ಇದು ನೋವು. ನೋವು ಪಾಪವಲ್ಲ. ನಿಮ್ಮ ಸಭೆಯ ಮುಖ್ಯಸ್ಥರು ಮಾಡಿದ್ದು ಸರಿಯಲ್ಲ ಎಂದು ಇಷ್ಟು ದೂರದಿಂದಲೂ ಹೇಳಬಲ್ಲೆ. ಹೊಣೆ ಬದಲಿಸುವ ಹಕ್ಕು ಅವರಿಗಿದೆ. ಒಂದು ಸಲ ಕರೆದು ಕುಳ್ಳಿರಿಸಿ, ಕೃತಜ್ಞತೆ ಹೇಳಿ, ಕಾರಣ ತಿಳಿಸುವ ಕರ್ತವ್ಯವೂ ಇತ್ತು. ಕೃತಜ್ಞತೆ ಹೇಳಿದರೆ ಸೇವಕರಿಗೆ ಅಹಂಕಾರ ಬರುತ್ತದೆ ಎಂದು ಭಾವಿಸುವ ಸಭೆಗಳಿವೆ. ನನ್ನ ಅನುಭವದಲ್ಲಿ ಹೊಗಳಿಕೆಯ ಹಸಿವು ಹೆಚ್ಚು ಕಂಡದ್ದು ಅಂಥ ಸಭೆಗಳಲ್ಲೇ.

ಈಗ ನಿಮ್ಮ ಹಿರಿಯರ ಮಾತಿಗೆ ಬರುತ್ತೇನೆ. ‘ದೇವರನ್ನು ಘನಪಡಿಸು’ ಎಂಬ ಮಾತನ್ನು ಬೈಬಲಿನಲ್ಲಿ ಇಬ್ಬರು ಬೇರೆ ಬೇರೆ ಬಗೆಯಲ್ಲಿ ಬಳಸಿದ್ದಾರೆ. ಇಸ್ರಾಯೇಲ್ಯರ ನಾಯಕ ಯೆಹೋಶುವನು, ಕದ್ದ ಮಾಲು ಬಚ್ಚಿಟ್ಟ ಆಕಾನನನ್ನು ನಿಲ್ಲಿಸಿ, ದೇವರನ್ನು ಘನಪಡಿಸು, ಏನು ಮಾಡಿದೆ ಹೇಳು ಎಂದನು. ಅಲ್ಲಿ ಅದರ ಅರ್ಥ ಸತ್ಯ ಹೇಳು ಎಂದು. ಯೋಹಾನನ ಸುವಾರ್ತೆಯ 9ನೆಯ ಅಧ್ಯಾಯದಲ್ಲಿ ಯೇಸುವಿನಿಂದ ಕಣ್ಣು ಪಡೆದ ಹುಟ್ಟುಕುರುಡನನ್ನು, ಧರ್ಮಶಾಸ್ತ್ರದಲ್ಲಿ ಕಟ್ಟುನಿಟ್ಟಾದ ಯೆಹೂದಿ ಪಂಗಡದವರಾದ ಫರಿಸಾಯರು ಎರಡನೆಯ ಸಲ ಕರೆಸಿ, ದೇವರನ್ನು ಘನಪಡಿಸು, ಆ ಮನುಷ್ಯ ಪಾಪಿಯೆಂದು ನಾವು ಬಲ್ಲೆವು ಎಂದರು. ಅಲ್ಲಿ ಅದರ ಅರ್ಥ ನಾವು ಹೇಳಿದ್ದಕ್ಕೆ ಹೂಂ ಎನ್ನು ಎಂದು. ಮಾತು ಒಂದೇ, ಮೊದಲನೆಯದು ಬಾಯಿ ಬಿಡಿಸಿತು, ಎರಡನೆಯದು ಬಾಯಿ ಮುಚ್ಚಿಸಲು ಬಂತು. ಆ ಕುರುಡನಾಗಿದ್ದವನು ತನಗೆ ಗೊತ್ತಿದ್ದ ಒಂದೇ ಸಂಗತಿಯನ್ನು ಹಿಡಿದು ನಿಂತ: ನಾನು ಕುರುಡನಾಗಿದ್ದೆ, ಈಗ ಕಾಣುತ್ತೇನೆ.

ಹಾಗಾಗಿ ಯಾರಾದರೂ ದೇವರ ಮಹಿಮೆಯ ಹೆಸರಿನಲ್ಲಿ ನಿಮ್ಮಿಂದ ಏನಾದರೂ ಕೇಳಿದರೆ, ಇಲ್ಲ ಎನ್ನುವ ಅವಕಾಶವನ್ನೂ ಉಳಿಸಿದ್ದಾರೆಯೇ ಎಂದು ನೋಡಿ. ನಿಮ್ಮ ಹಿರಿಯರಿಗೆ ಕೆಟ್ಟ ಉದ್ದೇಶವಿದೆ ಎಂದು ನಾನು ಹೇಳುತ್ತಿಲ್ಲ. ಭಾನುವಾರ ಶಾಲೆಗೆ ಜನ ಸಿಗದೆ ಕಂಗಾಲಾದ ಹಿರಿಯರ ಪೈಕಿ ನಾನೂ ಒಬ್ಬನಾಗಿದ್ದೆ. ಆಗ ಕೈಗೆ ಸುಲಭವಾಗಿ ಸಿಗುವ ಕೋಲು ಇದೇ ಮಾತು. ಆದರೆ ತಾಯಿಯ ವಿಷಯದಲ್ಲಿ ಯೇಸು ಅಳುಕಿಲ್ಲದೆ ಮಾತಾಡಿದ್ದಾರೆ. ಮಾರ್ಕನ ಸುವಾರ್ತೆಯ 7ನೆಯ ಅಧ್ಯಾಯ ನೋಡಿ. ತಂದೆತಾಯಿಗೆ ಸಲ್ಲಬೇಕಾದದ್ದನ್ನು ‘ಕೊರ್ಬಾನ್’, ಅಂದರೆ ದೇವರಿಗೆ ಅರ್ಪಿತ, ಎಂದು ಹೇಳಿ ಅವರ ಕೈಬಿಡುವುದನ್ನು ಆ ಕಾಲದ ಧಾರ್ಮಿಕರು ಒಪ್ಪುತ್ತಿದ್ದರು. ನೀವು ದೇವರ ವಾಕ್ಯವನ್ನೇ ನಿರರ್ಥಕ ಮಾಡುತ್ತೀರಿ ಎಂದು ಯೇಸು ಅವರನ್ನು ಗದರಿದರು. ರಾತ್ರಿ ಎರಡು ಗಂಟೆಗೆ ನೀವು ಮಾಡುವ ಕೆಲಸ ದೇವರ ಮಹಿಮೆಯ ಕೆಲಸಕ್ಕೆ ಅಡ್ಡಿಯಲ್ಲ, ಅದೇ ಆ ಕೆಲಸ. ಹಿರಿಯರಿಗೆ ‘ತಾಯಿಯನ್ನು ನೋಡಿಕೊಳ್ಳಬೇಕು, ಈ ವರ್ಷ ಆಗುವುದಿಲ್ಲ’ ಎಂದು ಒಂದೇ ವಾಕ್ಯದಲ್ಲಿ ಹೇಳಿ. ಎರಡನೆಯ ವಾಕ್ಯ ಸೇರಿಸಬೇಡಿ. ಅಲ್ಲಿಂದಲೇ ಚೌಕಾಸಿ ಶುರುವಾಗುವುದು.

ತನಗಾಗಿ ಏನನ್ನೂ ಕೇಳಬಾರದು ಎಂಬುದೂ ಮಹಿಮೆಯ ಲಕ್ಷಣವಲ್ಲ. ನೀವು ಸಂಗೀತದವರಾದ್ದರಿಂದ ಒಂದು ಮಾತು. ಜರ್ಮನಿಯ ಸಂಗೀತ ರಚನಕಾರ ಯೊಹಾನ್ ಸೆಬಾಸ್ಟಿಯನ್ ಬಾಖ್ ತನ್ನ ಎಷ್ಟೋ ಸಭಾಗೀತೆಗಳ ಹಸ್ತಪ್ರತಿಯ ಕೊನೆಯಲ್ಲಿ ‘ದೇವರಿಗೆ ಮಾತ್ರ ಮಹಿಮೆ’ ಎಂಬ ಲ್ಯಾಟಿನ್ ಮಾತಿನ ಮೂರು ಮೊದಲಕ್ಷರಗಳನ್ನು ಬರೆಯುತ್ತಿದ್ದ. ಅದೇ ಬಾಖ್ 1730ರಲ್ಲಿ ಲೈಪ್‌ಜಿಗ್ ನಗರಸಭೆಗೆ, ಸಭೆಯ ಸಂಗೀತಕ್ಕೆ ಬೇಕಾದಷ್ಟು ಹಾಡುಗಾರರೂ ವಾದಕರೂ ಇಲ್ಲ ಎಂದು ಉದ್ದನೆಯ ಮನವಿ ಬರೆದ. ಆ ವರ್ಷವೇ ಒಬ್ಬ ಹಳೆಯ ಗೆಳೆಯನಿಗೆ ಬರೆದ ಕಾಗದದಲ್ಲಿ, ಊರಿನ ಗಾಳಿ ಚೆನ್ನಾಗಿದ್ದರೆ ಶವಸಂಸ್ಕಾರಗಳು ಕಡಿಮೆಯಾಗಿ ತನ್ನ ವರಮಾನ ಇಳಿಯುತ್ತದೆ, ಹಿಂದಿನ ವರ್ಷ 100 ಥಾಲರ್‌ಗೂ (ಆ ಕಾಲದ ಬೆಳ್ಳಿ ನಾಣ್ಯ) ಹೆಚ್ಚು ನಷ್ಟವಾಯಿತು ಎಂದು ಗೊಣಗಿದ. ಇದನ್ನು ಓದಿದಾಗಲೆಲ್ಲ ನನಗೆ ನಗು ಬರುತ್ತದೆ, ಸಮಾಧಾನವೂ ಆಗುತ್ತದೆ. ಆ ಮೂರು ಅಕ್ಷರ ಬರೆದ ಕೈಗೂ ಮನೆಯ ಖರ್ಚಿನ ಚಿಂತೆ ಇತ್ತು.

ನಿಮ್ಮ ಮುಂದಿರುವ ದಾರಿಗಳನ್ನು ನೋಡೋಣ. ಮಂಡಳಿಯನ್ನು ಬಿಟ್ಟುಬಿಡುವುದು ಎಲ್ಲಕ್ಕಿಂತ ಸುಲಭವೆಂದು ಕಾಣುತ್ತದೆ. ಅಪಾಯವೂ ಅಲ್ಲೇ ಹೆಚ್ಚು. ನೀವು ಬಿಟ್ಟ ಮೊದಲ ಭಾನುವಾರವೇ ‘ಯಾಕೆ ಬಿಟ್ಟರು’ ಎಂಬ ಮಾತು ಏಳುತ್ತದೆ, ಖಾಲಿ ಜಾಗ ಹಾಡಿಗಿಂತ ಜೋರಾಗಿ ಮಾತಾಡುತ್ತದೆ. ಆ ಹುಡುಗಿ ಮುಂದೆ ಎಡವಿದಾಗಲೆಲ್ಲ ಜನ ನಿಮ್ಮನ್ನು ನೆನೆಯುತ್ತಾರೆ. ಪ್ರಾಮಾಣಿಕವಾಗಿ ಕೇಳಿಕೊಳ್ಳಿ: ನಿಮಗೆ ಬೇಕಾಗಿರುವುದು ಅದೇ ಅಲ್ಲವೇ? ಸ್ನಾನಿಕನಾದ ಯೋಹಾನನ ‘ಆತನು ಹೆಚ್ಚಬೇಕು, ನಾನು ಕಡಿಮೆಯಾಗಬೇಕು’ ಎಂಬ ಮಾತನ್ನು ಬಿಟ್ಟುಹೋಗುವವರು ಬಹಳ ಉಲ್ಲೇಖಿಸುತ್ತಾರೆ. ಆದರೆ ಆ ಮಾತಾಡಿದ ಹೊತ್ತಿನಲ್ಲಿ ಯೋಹಾನನು ಕೆಲಸ ಬಿಟ್ಟಿರಲಿಲ್ಲ. ಸಲೀಮಿನ ಹತ್ತಿರದ ಐನೋನಿನಲ್ಲಿ ನೀರು ಬಹಳ ಇದ್ದುದರಿಂದ ಅಲ್ಲಿ ಅವನೂ ದೀಕ್ಷಾಸ್ನಾನ ಮಾಡಿಸುತ್ತಲೇ ಇದ್ದನು. ಎಲ್ಲರೂ ಯೇಸುವಿನ ಕಡೆಗೆ ಹೋಗುತ್ತಿದ್ದಾರೆ ಎಂದು ದೂರು ತಂದವರು ಅವನ ಶಿಷ್ಯರು. ಅವನು ತನ್ನನ್ನು ಮದಲಿಂಗನ ಗೆಳೆಯನಿಗೆ ಹೋಲಿಸಿಕೊಂಡನು: ಗೆಳೆಯನು ನಿಂತು, ಕಿವಿಗೊಟ್ಟು, ಮದಲಿಂಗನ ಸ್ವರ ಕೇಳಿ ಸಂತೋಷಪಡುತ್ತಾನೆ. ಜನ ಕಡಿಮೆಯಾದರು, ಅವನು ನೀರಿನಿಂದ ಮೇಲಕ್ಕೆ ಬರಲಿಲ್ಲ.

ಸಾಲಿನಲ್ಲಿ ಉಳಿದು ಅವಳ ಕೆಳಗೆ ಹಾಡುವುದು ಎರಡನೆಯ ದಾರಿ. ನಾನಾಗಿದ್ದರೆ ಇದನ್ನು ಹಿಡಿಯುತ್ತಿದ್ದೆ, ಆದರೆ ಇದು ನಯವಾಗಿ ಕೆಡುವ ದಾರಿ. ಹಳಬರು ಸಾಲಿನಲ್ಲಿ ನಿಂತು ಬಿಡುವ ಒಂದು ನಿಟ್ಟುಸಿರು ಹೊಸಬರ ಶ್ರುತಿಯನ್ನು ಕೆಡಿಸಬಲ್ಲದು. ಅವಳು ತಪ್ಪಿದಾಗ ಪುಸ್ತಕದೊಳಗೆ ಮುಖ ಇಡಬೇಡಿ. ಸರಿಯಾದ ಸ್ವರವನ್ನು, ಅವಳಿಗೆ ಕೇಳುವಷ್ಟು, ಸಭೆಗೆ ಕೇಳದಷ್ಟು ಹಿಡಿದುಕೊಡಿ. ನಿಮಗೆ ಅದು ಸಾಧ್ಯ, 11 ವರ್ಷ ಹಾಡಿದ ಗಂಟಲು ಇರುವುದು ಅದಕ್ಕೇ.

ತಾಯಿಯ ಆರೈಕೆಯಲ್ಲಿ ನಿಮಗೆ ನಿದ್ದೆಯೇ ಇಲ್ಲವಾದರೆ ಎರಡು ಮೂರು ತಿಂಗಳ ಬಿಡುವು ತೆಗೆದುಕೊಳ್ಳಿ. ತಮಗೆ ಊಟಕ್ಕೂ ಸಮಯವಿಲ್ಲದಾಗ ಯೇಸು ಶಿಷ್ಯರನ್ನು ಸ್ವಲ್ಪ ದಣಿವಾರಿಸಿಕೊಳ್ಳಿ ಎಂದು ಕರೆದೊಯ್ದರು. ಆದರೆ ಹಿಂದಿರುಗುವ ತಾರೀಕನ್ನು ಮೊದಲೇ ಹೇಳಿಬಿಡಿ. ತಾರೀಕಿಲ್ಲದ ಬಿಡುವು ಕೋಪದ ಇನ್ನೊಂದು ಹೆಸರಾಗಿ, ಕೊನೆಗೆ ಸಭೆಗೆ ಬರುವುದೇ ನಿಂತವರನ್ನು ಕಂಡಿದ್ದೇನೆ.

ಸಭಾಪಾಲಕರ ಹತ್ತಿರ ಮಾತಾಡುವುದು ಅಗತ್ಯ. ಒಬ್ಬರೇ ಹೋಗಿ, ಬೆಂಬಲಿಗರನ್ನು ಕೂಡಿಸಿಕೊಂಡು ಹೋಗಬೇಡಿ. ಬದಲಾವಣೆ ಮಾಡಿದ್ದಕ್ಕಲ್ಲ, ತಿಳಿಸದೆ ಮಾಡಿದ್ದಕ್ಕೆ ನೋವಾಯಿತು ಎಂದು ಹೇಳಿ. ಮಾತಿನ ಮಧ್ಯದಲ್ಲಿ ಹೊಣೆ ಹಿಂದಕ್ಕೆ ಬೇಕು ಎಂಬ ಆಸೆ ತಲೆ ಎತ್ತಿದರೆ ಅಲ್ಲಿಗೇ ನಿಲ್ಲಿಸಿ ಎದ್ದು ಬನ್ನಿ. ಅವರು ಕ್ಷಮೆ ಕೇಳದೆಯೂ ಇರಬಹುದು. ಹಾಗಾದರೂ ನೀವು ಸತ್ಯ ಹೇಳಿದ್ದೀರಿ.

ಇನ್ನು ನಿಮ್ಮ ನಗುವನ್ನು ಆ ಹುಡುಗಿಯ ಮುಂದೆ ಒಪ್ಪಿಕೊಳ್ಳಬೇಕೇ? ಬೇಡ. ಇದಕ್ಕೆ ಅನೇಕರು ನನ್ನೊಡನೆ ಜಗಳವಾಡಿದ್ದಾರೆ. ಅವಳಿಗೆ ನೀವು ನಕ್ಕದ್ದು ಗೊತ್ತಿಲ್ಲ. ಹೇಳಿದರೆ ನಿಮ್ಮ ಎದೆ ಹಗುರವಾಗುತ್ತದೆ, ಅವಳ ಎದೆ ಭಾರವಾಗುತ್ತದೆ. ಮುಂದಿನ ಭಾನುವಾರದಿಂದ ಅವಳು ಹಾಡುವಾಗಲೆಲ್ಲ ಯಾರು ನಗುತ್ತಿದ್ದಾರೋ ಎಂದು ಸಾಲನ್ನು ನೋಡುತ್ತಾಳೆ. ಅದನ್ನು ದೇವರ ಮುಂದೆ ಹೇಳಿ, ಗುಟ್ಟು ಕಾಯುವ ಒಬ್ಬ ವಿಶ್ವಾಸಿಯ ಮುಂದೆ ಹೇಳಿ. ನನ್ನ ಏಳು ಗೀಟಿನ ಕಥೆಯನ್ನು ಆ ಬೋಧಕರಿಗೆ ನಾನು ಹೇಳಲಿಲ್ಲ. ಹೆಂಡತಿಗೆ ಮಾತ್ರ, ಅದೂ ಮೂರು ದಿನ ಬಿಟ್ಟು, ಹೇಳಿದೆ. ಮುಂದಿನ ವರ್ಷ ಅವರನ್ನು ಮತ್ತೆ ಕರೆಸಿದೆ. ಆ ಆಹ್ವಾನದ ಕಾಗದ ಬರೆಯಲು ಕುಳಿತಾಗ ಪೆನ್ನು ಅಷ್ಟು ಭಾರವಾಗಿ ನನಗೆ ಎಂದೂ ಅನಿಸಿರಲಿಲ್ಲ.

ಅವಳಿಗೆ ಕೊಡಬೇಕಾದದ್ದು ಬೀರುವಿನಲ್ಲಿದೆ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ತಡೆದು ನಿಲ್ಲಿಸಿದ್ದು ನಗುವಲ್ಲ, ಆ ನೋಟ್‌ಬುಕ್. ಯಾವ ಹಾಡನ್ನು ಸಭೆ ಎಳೆದು ಹಾಡುತ್ತದೆ, ಯಾವುದನ್ನು ಅರ್ಧ ಸ್ವರ ಇಳಿಸಿದರೆ ವಯಸ್ಸಾದವರಿಗೂ ಎಟಕುತ್ತದೆ, ಎಲ್ಲಿ ಕೀಬೋರ್ಡ್ ನುಡಿಸುವವರಿಗೆ ಕಣ್ಸನ್ನೆ ಬೇಕು, ಇದೆಲ್ಲ ಅದರಲ್ಲಿರಬೇಕು. ಅವಳು ಎಡವಿದ ಆ ಎರಡನೆಯ ಚರಣದ ಶ್ರುತಿಯೂ ಅಲ್ಲಿ ಬರೆದಿದ್ದಿರಬಹುದು. ಅವಳು ಕೇಳಲಿ ಎಂದು ಕಾಯಬೇಡಿ. ಅಂಥದ್ದೊಂದು ಇದೆ ಎಂಬುದೇ ಅವಳಿಗೆ ಗೊತ್ತಿರಲಿಕ್ಕಿಲ್ಲ. ಮನಸ್ಸು ಪೂರ್ತಿ ಶುದ್ಧವಾದ ಮೇಲೆ ಕೊಡುತ್ತೇನೆ ಎಂದೂ ಕಾಯಬೇಡಿ. ಕಹಿ ಇರುವಾಗಲೇ, ಈ ವಾರವೇ, ಅಭ್ಯಾಸದ ದಿನ ಯಾರೂ ಇಲ್ಲದ ಹೊತ್ತು ನೋಡಿ ಕೊಡಿ. ಅರ್ಧ ಗಂಟೆ ಪಕ್ಕದಲ್ಲಿ ಕುಳಿತು ನಿಮ್ಮ ಗುರುತುಗಳನ್ನು ಓದುವುದು ಹೇಗೆಂದು ತೋರಿಸಿ, ಅವು ನಿಮಗೆ ಬಿಟ್ಟು ಬೇರೆಯವರಿಗೆ ತಿಳಿಯುವುದಿಲ್ಲ. ಅಂದ ಹಾಗೆ, ಮೊದಲ ಪುಟದಲ್ಲಿ ನಿಮ್ಮ ಹೆಸರು ಬರೆದುಕೊಂಡಿದ್ದರೆ ಕೊಡುವ ಮುಂಚೆ ಆ ಪುಟವನ್ನು ಹರಿಯಬೇಡಿ. ಬರೆದವರು ನೀವೇ ತಾನೇ.